ದೆವ್ವ ಇರಲಿ, ಮೊದಲು ಅಕ್ಕನನ್ನು ನೋಡಿ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನೂ ಜೊತೆಗಿಟ್ಟ ನಿಮ್ಮ ಭಯದ ಪತ್ತೇದಾರಿ ಕಾದಂಬರಿಯ ಮೂರು ಅಧ್ಯಾಯಗಳನ್ನೂ ಓದಿದೆ. ಕಾಣೆಯಾದ ತಂಗಿಯನ್ನು ಹುಡುಕಿಕೊಂಡು ಅಕ್ಕ ಒಂದು ಹಳೆಯ ಮನೆಗೆ ಬರುತ್ತಾಳೆ. ರಾತ್ರಿ ಮಹಡಿಯಲ್ಲಿ ಹೆಜ್ಜೆ ಸಪ್ಪಳ. ‘ಮೊದಲ ಅಧ್ಯಾಯ ಓದಿದಾಗ ಭಯ ಆಯ್ತು, ಆಮೇಲೆ ಆಗಲಿಲ್ಲ’ ಎಂದು ಗೆಳೆಯರು ಹೇಳಿದರಂತೆ. ಎಲ್ಲಿ ಎಡವಿದ್ದೇನೆ, ಕೊನೆಯಲ್ಲಿ ದೆವ್ವ ನಿಜ ಅಂತ ತೋರಿಸಬೇಕೋ ಬೇಡವೋ ಎಂದು ಕೇಳಿದ್ದೀರಿ.

ಸಪ್ಪಳ ಚೆನ್ನಾಗಿದೆ. ನನ್ನ ತಕರಾರು ಅಕ್ಕನ ಬಗ್ಗೆ. ಅವಳು ಒಳ್ಳೆಯವಳು, ಧೈರ್ಯವಂತೆ, ತಂಗಿ ಎಂದರೆ ಪ್ರಾಣ. ಅಷ್ಟೇನಾ? ಇಂಥವಳನ್ನು ಯಾವ ದೆವ್ವ ಕಾಡಿದರೂ ಒಂದೇ. ಹೀಗೆ ಯೋಚಿಸಿ ನೋಡಿ: ಕಾಣೆಯಾದ ರಾತ್ರಿ ತಂಗಿ ಫೋನ್ ಮಾಡಿದ್ದಳು, ಜಗಳದ ಸಿಟ್ಟಿನಲ್ಲಿ ಅಕ್ಕ ಬೇಕೆಂದೇ ಎತ್ತಲಿಲ್ಲ. ಇದನ್ನು ಯಾರಿಗೂ ಹೇಳಿಲ್ಲ, ಪೊಲೀಸರಿಗೂ. ಈಗ ಸಪ್ಪಳವೂ ಬೇಕಿಲ್ಲ. ಮಧ್ಯರಾತ್ರಿ ಒಂದು ಫೋನ್ ರಿಂಗಾದರೆ ಸಾಕು. ಬೇರೆಯವರಿಗೆ ಅದು ಬರೀ ಫೋನ್, ಅವಳಿಗೆ ಹಾಗಲ್ಲ. ಜೊತೆಗೆ ಪತ್ತೇದಾರಿ ಕಥೆಗೂ ಇದೇ ಗುಟ್ಟು ಕೆಲಸಕ್ಕೆ ಬರುತ್ತದೆ. ಅವಳು ಕರೆಯ ವಿಷಯ ಮುಚ್ಚಿಟ್ಟಿದ್ದರಿಂದಲೇ ತಂಗಿ ಯಾವಾಗ ಕಾಣೆಯಾದಳು ಅನ್ನುವ ಲೆಕ್ಕ ಎಲ್ಲರಿಗೂ ತಪ್ಪಿದೆ. ಭಯಕ್ಕೊಂದು, ಪತ್ತೆಗೊಂದು ಅಂತ ಬೇರೆ ಬೇರೆ ಗುಟ್ಟು ಇಟ್ಟಿದ್ದರಿಂದಲೇ ನಿಮ್ಮ ಕಾದಂಬರಿ ಎರಡು ಹೋಳಾಗಿದೆ ಅನಿಸುತ್ತದೆ. ಅಂದ ಹಾಗೆ, ‘ಇಷ್ಟು ಹೆದರಿಕೆ ಆದರೂ ಆ ಮನೆ ಬಿಟ್ಟು ಯಾಕೆ ಹೋಗಲ್ಲ?’ ಅನ್ನುವ ಹಳೆಯ ಪ್ರಶ್ನೆಗೂ ಇಲ್ಲೇ ಉತ್ತರ ಸಿಗುತ್ತದೆ. ಅವಳು ಹೋದರೆ ಬೇರೆ ಯಾರೋ ಬಂದು ಹುಡುಕುತ್ತಾರೆ, ತಂಗಿಯ ಫೋನ್ ಅವರ ಕೈಗೆ ಸಿಗುತ್ತದೆ.

ಬರೆಯುವ ಕ್ರಮ ಕೇಳಿದರೆ, ಮೊದಲು ಆ ರಾತ್ರಿ ನಿಜವಾಗಿ ನಡೆದದ್ದನ್ನು ಗಂಟೆಗಂಟೆಯ ಲೆಕ್ಕದಲ್ಲಿ ನೇರವಾಗಿ ಬರೆದಿಡಿ. ಅದು ನಿಮಗೆ ಮಾತ್ರ. ಅದರ ಪಕ್ಕದಲ್ಲೇ, ಪ್ರತಿ ಅಧ್ಯಾಯದಲ್ಲಿ ಅಕ್ಕ ಏನು ನಂಬಿದ್ದಾಳೆ, ಯಾವುದನ್ನು ನೋಡಿಯೂ ನೋಡದ ಹಾಗೆ ಇದ್ದಾಳೆ ಎಂದು ಗುರುತು ಮಾಡಿಕೊಳ್ಳಿ. ಸಾಮಾನ್ಯ ಪತ್ತೇದಾರಿ ಕಥೆಯಲ್ಲಿ ಸುಳಿವು ಸಿಕ್ಕರೆ ಓದುಗರಿಗೆ ಖುಷಿ. ಇಲ್ಲಿ ಪ್ರತಿ ಸುಳಿವೂ ಅವಳ ಸುಳ್ಳಿನ ಹತ್ತಿರ ಬರಬೇಕು. ‘ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ’ ಎಂದು ತಂಗಿ ಬರೆದಿಟ್ಟ ಚೀಟಿ ಸಿಕ್ಕಾಗ ಅವಳು ಅದನ್ನು ಹರಿದು ಹಾಕಲಿ. ಓದುಗರಿಗೆ ದೆವ್ವಕ್ಕಿಂತ ಜಾಸ್ತಿ ಅವಳ ಮೇಲೇ ಅನುಮಾನ ಬರುತ್ತದೆ, ಅಲ್ವಾ?

ಮೋಸ ಮಾತ್ರ ಬೇಡ. ಕಥೆ ಹೇಳುತ್ತಿರುವುದು ಅವಳೇ. ಹಾಗಾಗಿ ಕರೆ ಬಂದೇ ಇಲ್ಲ ಎಂದು ಅವಳಿಂದ ನಮಗೆ ಹೇಳಿಸಬೇಡಿ. ಎಲ್ಲಿ ಕೂತರೂ ಫೋನನ್ನು ಮಗುಚಿ ಇಡುತ್ತಾಳೆ, ಯಾಕೆ ಎಂದು ಹೇಳುವುದಿಲ್ಲ. ಅಷ್ಟು ಸಾಕು.

ಇನ್ನು ದೆವ್ವ. 1929ರಲ್ಲಿ ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮ ಮಾಡಿದರು. ಅತಿಮಾನುಷ ಶಕ್ತಿಗೆ ಅದರಲ್ಲಿ ಜಾಗವೇ ಇಲ್ಲ. ಉತ್ತರವೇ ದೆವ್ವ ಅಂದರೆ ಓದುಗರು ತಲೆ ಕೆಡಿಸಿಕೊಂಡದ್ದೆಲ್ಲ ದಂಡ. ನಿಮಗೆ ಈ ನಿಯಮದ ಅರ್ಧ ಸಾಕು. ತಂಗಿಗೆ ಏನಾಯಿತು ಅನ್ನುವುದಕ್ಕೆ ಮನುಷ್ಯರ ಕೈವಾಡದ ಉತ್ತರ ಇರಲಿ, ಪುರಾವೆ ಮೊದಲೇ ಕಣ್ಣೆದುರು ಇರಲಿ. ಮಹಡಿಯ ಸಪ್ಪಳವನ್ನು ಬಿಡಿಸಿ ಹೇಳಲೇಬೇಕೆಂದಿಲ್ಲ. ಹೆನ್ರಿ ಜೇಮ್ಸ್ 1898ರಲ್ಲಿ ಪ್ರಕಟಿಸಿದ ‘ದ ಟರ್ನ್ ಆಫ್ ದ ಸ್ಕ್ರೂ’ ಎಂಬ ದೆವ್ವದ ಕಥೆಯ ಬಗ್ಗೆ ಜನ ಇವತ್ತಿಗೂ ಜಗಳವಾಡುತ್ತಾರೆ. ಅದರಲ್ಲಿ ಕಥೆ ಹೇಳುವ ಶಿಕ್ಷಕಿ ಕಂಡದ್ದು ಪ್ರೇತವೋ ಅವಳ ಮನಸ್ಸಿನ ಕಲ್ಪನೆಯೋ? ಎಲ್ಲವನ್ನೂ ಅವಳ ಬರಹದಿಂದಲೇ ತಿಳಿಯಬೇಕಾದ್ದರಿಂದ ಜಗಳ ಮುಗಿಯುವುದಿಲ್ಲ.

ಮೂರನೇ ಅಧ್ಯಾಯದಲ್ಲಿ ಗೋಡೆಯಿಂದ ಸುರಿಯುವ ರಕ್ತವನ್ನು ಮಾತ್ರ ದಯವಿಟ್ಟು ತೆಗೆದುಬಿಡಿ. ಅದು ಯಾರ ಕಥೆಗೆ ಬೇಕಾದರೂ ಹೊಂದುತ್ತದೆ, ಅದೇ ತೊಂದರೆ.

ಮುಂದಿನ ಸಲ ಮೊದಲ ಅಧ್ಯಾಯದ ಜೊತೆ ಕೊನೆಯದನ್ನೂ ಕಳಿಸಿ. ಸುಳಿವುಗಳು ತಾಳೆಯಾಗುತ್ತವೆಯೋ ಎಂದು ನೋಡಲು ನನಗೆ ಎರಡೂ ಬೇಕು.

– ಸಂಪಾದಕ