ಹೋಮ್‌ಸ್ಟೇ ಅತಿಥಿ ‘ಐ ಆಮ್ ಗುಡ್’ ಅಂದರೆ ಕಾಫಿ ಬೇಕು ಅಂತಲೋ, ಬೇಡ ಅಂತಲೋ?

ಬೇಡ ಅಂತ. ‘ಇನ್ನೊಂದು ಕಾಫಿ ಕೊಡಲಾ?’ ಎಂದು ಕೇಳಿದಾಗ ‘ಐ ಆಮ್ ಗುಡ್’ ಅಂದರೆ ನಮ್ಮ ‘ಸಾಕು’ ಇದ್ದ ಹಾಗೆ. ಕುಡಿದದ್ದರಲ್ಲೇ ತೃಪ್ತಿಯಾಗಿದೆ ಅನ್ನುವುದು ಅದರ ಭಾವ. ಬರೀ ‘ನೋ’ ಎಂದರೆ ಒರಟಾಗಿ ಕೇಳುತ್ತದೆ, ಅದಕ್ಕೇ ಈ ಮೆತ್ತನೆ ಮಾತು. ಮೊದಲು ಅಮೆರಿಕದವರ ಆಡುಮಾತು, ಈಗ ಬ್ರಿಟನ್ನಿನಲ್ಲೂ ಮಾಮೂಲಿ.

ಮೂಡಿಗೆರೆ, ಸಕಲೇಶಪುರದ ಕಡೆ ನಮ್ಮ ಉಪಚಾರ ಜಾಸ್ತಿ ಅಲ್ವಾ? ‘ಗುಡ್’ ಕಿವಿಗೆ ಬಿದ್ದರೆ ಕಾಫಿ ಹೊಗಳಿದರು ಅಂತ ಲೋಟ ತುಂಬಿಸಿಬಿಡುತ್ತೇವೆ. ಪಾಪ, ಅವರು ಸಂಕೋಚಕ್ಕೆ ಕುಡಿಯುತ್ತಾರೆ. ಕಾಫಿ ಹೊಗಳುವಾಗ ‘ಇಟ್ಸ್ ಗುಡ್’ ಅನ್ನುತ್ತಾರೆ. ‘ಹೌ ಆರ್ ಯು’ ಎಂದು ಕೇಳಿದ್ದಕ್ಕೆ ‘ಐ ಆಮ್ ಗುಡ್’ ಬಂದರೆ ಮಾತ್ರ ‘ಚೆನ್ನಾಗಿದ್ದೇನೆ’ ಅಂತ ಅರ್ಥ. ಕಾಫಿ ಬೇಕಿದ್ದವರು ‘ಯೆಸ್ ಪ್ಲೀಸ್’ ಅನ್ನುತ್ತಾರೆ, ಆಗ ಧಾರಾಳವಾಗಿ ಬಗ್ಗಿಸಿ.