ದೊಡ್ಡ ಏರ್ ಪಂಪ್ ತಗೋಬೇಡಿ ಅಣ್ಣ, ಪೈಪ್ ಆಳಕ್ಕೆ ಇಳಿಸಿ

ಅಣ್ಣ, ನಿಮ್ಮ ಅಕ್ವಾಪೋನಿಕ್ಸಲ್ಲಿ (ಮೀನಿನ ನೀರಲ್ಲೇ ಗಿಡ ಬೆಳೆಸೋದು) ಏರ್‌ಲಿಫ್ಟ್, ಅಂದ್ರೆ ಪೈಪಿಗೆ ಗಾಳಿ ಬಿಟ್ಟು ನೀರೆತ್ತೋದು, ಕೆಲಸ ಮಾಡ್ತಿಲ್ಲ ಅಂತ ಪೋಸ್ಟ್ ಹಾಕಿದ್ದೀರಿ. ಆ ನಿಮಿಷಕ್ಕೆ 100 ಲೀಟರಿನ ಏರ್ ಪಂಪ್ ಆರ್ಡರ್ ಮಾಡೋ ಮುಂಚೆ ಇದನ್ನ ಓದಿ. ನಿಮ್ಮ ಫೋಟೊ ದೊಡ್ಡದು ಮಾಡಿ ನೋಡಿದೆ. 200 ಲೀಟರ್ ನೀಲಿ ಡ್ರಮ್, ನೀರು 70 ಸೆಂ.ಮೀ. ಇರಬಹುದು. ಗ್ರೋ ಬೆಡ್ (ಗಿಡದ ತೊಟ್ಟಿ) ಸ್ಟ್ಯಾಂಡ್ ಮೇಲಿದೆ, ಅಂದ್ರೆ ನೀರಿನ ಮಟ್ಟದಿಂದ 80 ಸೆಂ.ಮೀ. ಎತ್ತಬೇಕು. ಎರಡಿಂಚು ಪೈಪಿನೊಳಗೆ ಏರ್‌ಸ್ಟೋನ್ (ಗುಳ್ಳೆ ಬಿಡೋ ಕಲ್ಲು) ಇಳಿಬಿಟ್ಟಿದ್ದೀರಿ. "ಗುಳುಗುಳು ಅಂತ ಸದ್ದು ಬರುತ್ತೆ, ನೀರು ಪೈಪಿನ ಬಾಯಿ ದಾಟಲ್ಲ, ಗಾಳಿ ಸಾಲ್ತಿಲ್ಲ" ಅಂತ ಬರೆದಿದ್ದೀರಿ. ಗಾಳಿ ಸಾಲುತ್ತೆ. ಸಾಲದೇ ಇರೋದು ಆಳ.

ನಾನೂ ಇದೇ ತಪ್ಪು ಮಾಡಿದ್ದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ಒಂದಾದ ಮೇಲೆ ಒಂದು ಮೂರು ಏರ್ ಪಂಪ್ ತಂದೆ. ಮೂರನೇದು ಹಾಕಿದ ರಾತ್ರಿ ಟಾರ್ಚ್ ಹಿಡ್ಕೊಂಡು ಪೈಪಿನ ಬಾಯಿಗೆ ಅಂಗೈ ಇಟ್ಟೆ. ತಣ್ಣನೆ ಗಾಳಿ, ನಾಲ್ಕು ಹನಿ ಎರಚಲು, ಅಷ್ಟೇ. ಮೊದಲಿನ ಚಿಕ್ಕ ಪಂಪಿಗೆ ಬರ್ತಿದ್ದಷ್ಟು ನೀರೂ ಇಲ್ಲ. ಆಗ ನಮ್ಮ ಹೊಲದ ಕಂಪ್ರೆಸರ್ ಬೋರ್ ನೆನಪಾಯ್ತು. ಬೇಸಿಗೇಲಿ ನೀರಿನ ಮಟ್ಟ ಇಳಿದ್ರೆ ಪೈಪು ಇದೇ ಥರ ಬುಸ್ ಅಂತ ಗಾಳಿ, ಒಂದು ಗುಟುಕು ನೀರು, ಮತ್ತೆ ಗಾಳಿ ಉಗುಳೋದು. ನಮ್ಮಪ್ಪ ಒಂದು ದಿನವೂ "ದೊಡ್ಡ ಕಂಪ್ರೆಸರ್ ತನ್ನಿ" ಅನ್ನಲಿಲ್ಲ. "ಇನ್ನೊಂದು ಲೆಂತ್ ಪೈಪ್ ಇಳಿಸಿ" ಅಂತಿದ್ರು. ನಮ್ಮ ಏರ್‌ಲಿಫ್ಟ್ ಅದರದ್ದೇ ಮರಿ. ಪೈಪಿನೊಳಗೆ ಗಾಳಿ ಬೆರೆತ ನೀರು ಹಗುರ, ಹೊರಗಿನ ನೀರು ಭಾರ, ಆ ಭಾರವೇ ಒಳಗಿನದ್ದನ್ನ ಮೇಲಕ್ಕೆ ತಳ್ಳೋದು. ಹೊರಗೆ ಭಾರವೇ ಇಲ್ಲದಿದ್ರೆ ಗಾಳಿ ಎಷ್ಟು ಕೊಟ್ರೂ ಅದು ನೀರಿನ ಮಧ್ಯೆ ದಾರಿ ಮಾಡ್ಕೊಂಡು ಹೋಗುತ್ತೆ.

ಲೆಕ್ಕ ಹಾಕಿ. ನಿಮ್ಮ ಪೈಪ್ ಮುಳುಗಿರೋದು 70, ಒಟ್ಟು ಉದ್ದ 150. ನೂರಕ್ಕೆ 47. ಇದು 70 ದಾಟಬೇಕು, 75–80 ಆದ್ರೆ ಆರಾಮ. 50ರ ಕೆಳಗೆ ಹೋದ್ರೆ ಕರೆಂಟ್ ಖರ್ಚು ಜಾಸ್ತಿ, ನೀರು ತೀರಾ ಕಮ್ಮಿ.

ಮೊದಲು ಸ್ಟ್ಯಾಂಡ್ 30 ಸೆಂ.ಮೀ. ತಗ್ಗಿಸಿ. ಆಮೇಲೆ ಡ್ರಮ್ ಪಕ್ಕ 80 ಸೆಂ.ಮೀ. ಗುಂಡಿ ತೋಡಿ, ತಳಕ್ಕೆ ಎಂಡ್ ಕ್ಯಾಪ್ ಹಾಕಿದ 110 ಎಂ.ಎಂ. ಪೈಪ್ ನೆಟ್ಟಗೆ ನಿಲ್ಲಿಸಿ. ಅದರ ತುದಿ ಡ್ರಮ್ಮಿನ ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲಿರಲಿ. ನೆಲದ ಮಟ್ಟದಲ್ಲಿ ಟೀ ಹಾಕಿ ಡ್ರಮ್ಮಿನ ತಳಕ್ಕೆ ಟ್ಯಾಂಕ್ ನಿಪ್ಪಲ್‌ನಿಂದ ಸೇರಿಸಿ. ಡ್ರಮ್ಮಿನಲ್ಲಿ ನೀರು ಯಾವ ಮಟ್ಟಕ್ಕಿದೆಯೋ ಇದರಲ್ಲೂ ಅದೇ ಮಟ್ಟಕ್ಕೆ ನಿಲ್ಲುತ್ತೆ. ಎತ್ತೋ ಪೈಪನ್ನ ಇದರೊಳಗೆ ಇಳಿಸಿ. ಈಗ ಮುಳುಗಿರೋದು 150, ಎತ್ತೋದು 50. ನೂರಕ್ಕೆ 75 ಆಯ್ತು! ನನ್ನದು ಇದೇ ಥರದ್ದು. 10 ಲೀಟರ್ ಬಕೆಟ್ ಇಟ್ಟು ಮೊಬೈಲಲ್ಲಿ ಟೈಮ್ ನೋಡಿದ್ರೆ 50 ಸೆಕೆಂಡಿಗೆ ತುಂಬುತ್ತೆ, ಗಂಟೆಗೆ 720 ಲೀಟರ್. ನಿಮ್ಮ ಡ್ರಮ್ಮಿಗೆ ಅದರ ಅರ್ಧ ಸಾಕು. ಟೆರೇಸ್ ಆಗಿದ್ರೆ ಗುಂಡಿ ಆಗಲ್ಲ, ಬೆಡ್ಡನ್ನೇ ಇನ್ನೂ ಕೆಳಗಿಳಿಸಬೇಕು, ಬೇರೆ ದಾರಿಯಿಲ್ಲ.

ಆದ್ರೆ ಆಳ ಹೆಚ್ಚಿದಷ್ಟು ಪಂಪಿಗೆ ಒತ್ತಡ ಬೇಕು. ಡಬ್ಬದ ಮೇಲೆ ನಿಮಿಷಕ್ಕೆ ಇಷ್ಟು ಲೀಟರ್ ಅಂತ ಬರೆದಿರೋದು ಒತ್ತಡವೇ ಇಲ್ಲದಾಗಿನ ಲೆಕ್ಕ, ಅದನ್ನ ನಂಬಬೇಡಿ. ಎಂಪಿಎ (ಒತ್ತಡದ ಅಳತೆ) ನೋಡಿ. 0.01 ಎಂಪಿಎ ಅಂದ್ರೆ ಒಂದು ಮೀಟರ್ ನೀರು. ಒಂದೂವರೆ ಮೀಟರಿಗೆ 0.03 ಇರೋದು ತಗೊಳ್ಳಿ. ಅಕ್ವೇರಿಯಂ ಅಂಗಡಿಯ ಚಿಕ್ಕ ರಬ್ಬರ್ ಡಯಾಫ್ರಂ ಪಂಪುಗಳು ಇಲ್ಲಿಗಲ್ಲ. ನಾನು ಹೈಲಿಯಾದ ಅಲ್ಯೂಮಿನಿಯಂ ಬಾಡಿಯದ್ದು ಇಟ್ಟಿದ್ದೀನಿ, ಬಿಸಿಯಾಗುತ್ತೆ, ಸದ್ದೂ ಇದೆ, ಆದ್ರೆ ಆಳಕ್ಕೆ ಜಗ್ಗಲ್ಲ. ಸದ್ದು ಬೇಡ ಅನ್ನೋರು ರೆಸನ್ ಎಲ್‌ಪಿ ಸರಣಿ ನೋಡಬಹುದು.

ಏರ್‌ಸ್ಟೋನ್ ಕಿತ್ತು ಬಿಸಾಕಿ. ನುಣ್ಣನೆ ಗುಳ್ಳೆ ಮೀನಿಗೆ ಒಳ್ಳೇದು, ನೀರೆತ್ತೋಕೆ ಬೇಕಿಲ್ಲ, ಜೊತೆಗೆ ಪಾಚಿ ಕಟ್ಟುತ್ತೆ. ಪೈಪ್ ಒಳಗೆ ಟ್ಯೂಬ್ ಇಳಿಬಿಟ್ರೆ ನೀರಿನ ಜಾಗವೂ ಹೋಗುತ್ತೆ. ಎರಡಿಂಚು ಬೇಡ, ಒಂದೂಕಾಲು ಇಂಚು, ಅಂದ್ರೆ 40 ಎಂ.ಎಂ. ಸಾಕು. ಕೆಳತುದಿಯಿಂದ 10 ಸೆಂ.ಮೀ. ಮೇಲೆ ಸುತ್ತಲೂ 3 ಎಂ.ಎಂ. ಡ್ರಿಲ್ ಬಿಟ್ಟಿನಲ್ಲಿ ಎರಡು ಸಾಲು, 16 ತೂತು. ಅದರ ಮೇಲೆ 63 ಎಂ.ಎಂ. ಪೈಪಿನ ತುಂಡು ಅಂಗಿಯ ಹಾಗೆ ತೊಡಿಸಿ, ಎರಡೂ ಕಡೆ ರಿಡ್ಯೂಸರ್. ರಿಡ್ಯೂಸರ್ ಒಳಗೆ ಪೈಪ್ ತಡೆಯೋ ಅಂಚು ಇರುತ್ತೆ, ಅದನ್ನ ಅರದಲ್ಲಿ ಉಜ್ಜಿ ತೆಗೆದ್ರೆ ಪೈಪ್ ಆಚೆ ಈಚೆ ಹೋಗುತ್ತೆ. ಇದಕ್ಕೆ ನನಗೆ ಒಂದು ಸಂಜೆ ಪೂರ್ತಿ ಹಿಡೀತು. ಅಂಗಿಗೆ ಗಾಳಿ ಕೊಡೋಕೆ ಡ್ರಿಪ್ಪಿನ ಗ್ರೋಮೆಟ್ (ರಬ್ಬರ್ ಬಳೆ), ಟೇಕಾಫ್ (ಪೈಪ್ ಸೇರಿಸೋ ಮೂತಿ), 16 ಎಂ.ಎಂ. ಲ್ಯಾಟರಲ್ ಪೈಪ್ ಸಾಕು, ಹೊಲದಲ್ಲಿ ಬಿದ್ದಿರುತ್ತೆ. ಸಾಲ್ವೆಂಟ್ ಹಚ್ಚಿ ಒಂದು ದಿನ ಬಿಡಿ, ಮೀನಿನ ನೀರಿಗೆ ಹಸಿ ಗಮ್ ಇಳಿಸಬೇಡಿ. ಪೈಪಿನ ತಳ ಓರೆಯಾಗಿ ಕತ್ತರಿಸಿ, ಇಲ್ಲದಿದ್ರೆ ನೆಲಕ್ಕೆ ಕೂತು ಬಾಯಿ ಮುಚ್ಚುತ್ತೆ.

ಮೇಲ್ಗಡೆ ಎಲ್ಬೋ ಹಾಕಿದ್ದೀರಲ್ಲ, ತೆಗೀರಿ. ಟೀ ಹಾಕಿ, ಮೇಲ್ಬಾಯಿ ತೆರೆದಿರಲಿ, ಗಾಳಿ ಅಲ್ಲೇ ಬಿಟ್ಟು ಹೋಗಲಿ. ಅಲ್ಲಿಂದಾಚೆ ನೀರು ಇಳಿಜಾರಲ್ಲಿ ತಾನೇ ಹರಿಯಬೇಕು. ಏರ್‌ಲಿಫ್ಟ್ ಎತ್ತುತ್ತೆ, ಅಡ್ಡಡ್ಡ ದೂರಕ್ಕೆ ತಳ್ಳಲ್ಲ.

ಇನ್ನೊಂದು, ಪಂಪನ್ನ ನೆಲದ ಮೇಲೆ ಇಟ್ಟಿದ್ದೀರಿ. ದಯವಿಟ್ಟು ಇವತ್ತೇ ಗೋಡೆಗೆ ನೇತುಹಾಕಿ, ನೀರಿನ ಮಟ್ಟಕ್ಕಿಂತ ಮೇಲೆ. ಕರೆಂಟ್ ಹೋದ ತಕ್ಷಣ ನೀರು ಟ್ಯೂಬಿನಲ್ಲಿ ವಾಪಸ್ ಬಂದು ಪಂಪ್ ಸೇರುತ್ತೆ. ನನ್ನ ಎರಡನೇ ಪಂಪ್ ಹಾಗೇ ಹೋಯ್ತು. ಬೆಳಗ್ಗೆ ಎದ್ದು ನೋಡಿದ್ರೆ ರೂಪ್‌ಚಂದ್ ಮೀನೆಲ್ಲಾ ಮೇಲೆ ಬಂದು ಬಾಯಿ ತೆರೀತಿದ್ವು, 11 ಸತ್ತಿದ್ವು. ಚೆಕ್ ವಾಲ್ವ್ (ವಾಪಸ್ ಬರೋದನ್ನ ತಡೆಯೋದು) ಹಾಕಿ, ಆದ್ರೆ ಅದೊಂದನ್ನೇ ನೆಚ್ಚಬೇಡಿ. ಕರೆಂಟ್ ತುಂಬಾ ಹೊತ್ತು ಹೋಗಿದ್ರೆ ಗುಂಡಿ ಪೈಪಿನ ತಳದಲ್ಲಿ ಕಸ ಕೂತು ಕೊಳೆತ ಮೊಟ್ಟೆ ವಾಸನೆ ಬರುತ್ತೆ. ಮೊದಲ ಎರಡು ಬಕೆಟ್ ತೆಂಗಿನ ಬುಡಕ್ಕೆ ಸುರೀರಿ, ಬೆಡ್ಡಿಗೆ ಬಿಡಬೇಡಿ.

ಬೆಲ್ ಸೈಫನ್ (ಬೆಡ್ ತುಂಬಿದಾಗ ತಾನೇ ಖಾಲಿ ಮಾಡೋ ಕೊಳವೆ) ಇಟ್ಟಿದ್ರೆ ಈ ಕಮ್ಮಿ ಹರಿವಿಗೆ ಅದು ಹಿಡಿಯೋದು ಅನುಮಾನ, ಸದ್ಯಕ್ಕೆ ಸದಾ ಹರಿಯೋ ಹಾಗೆ ಬಿಡಿ. ನಮ್ಮ ಕಡೆ ಬೋರ್ ನೀರು ಗಡಸು, ತೂತುಗಳಿಗೆ ಬಿಳಿ ಪದರ ಕಟ್ಟುತ್ತೆ, ಆಗಾಗ ವಿನೆಗರಲ್ಲಿ ನೆನೆಹಾಕಿ. ಏರ್‌ಲಿಫ್ಟ್ ನೀರಿನ ಇಂಗಾಲದ ಡೈಆಕ್ಸೈಡ್ ಹೊರಹಾಕೋದ್ರಿಂದ ಪಿಎಚ್ ಇನ್ನೂ ಸ್ವಲ್ಪ ಏರುತ್ತೆ. 8 ದಾಟಿದ್ರೆ ಅಮೋನಿಯಾ ಹೆಚ್ಚು ವಿಷ, ಮೇವು ಕಮ್ಮಿ ಮಾಡಿ. ನಿಮ್ಮ ಎರಡನೇ ಫೋಟೊದಲ್ಲಿ ಟೊಮೆಟೊ ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ಅದು ಕಬ್ಬಿಣದ ಕೊರತೆ. ಇಡಿಡಿಎಚ್‌ಎ ಅನ್ನೋ ಕಬ್ಬಿಣದ ಗೊಬ್ಬರವೇ ಕೇಳಿ ತಗೊಳ್ಳಿ, ಇಡಿಟಿಎ ಆ ಪಿಎಚ್‌ನಲ್ಲಿ ನಿಲ್ಲಲ್ಲ. ಅದರಿಂದ ನೀರು ಕೆಂಪಾದ್ರೆ ಗಾಬರಿ ಬೇಡ.

ಈಗ ಒಂದು ಕೋಲು ಇಳಿಸಿ ನೀರಿನ ಆಳ ಅಳೀರಿ, ನೀರಿನ ಮಟ್ಟದಿಂದ ಟೀ ಬಾಯಿಯವರೆಗಿನ ಎತ್ತರ ಅಳೀರಿ. ಎರಡು ಅಂಕಿ ಇಲ್ಲಿ ಹಾಕಿ, ಗುಂಡಿ ಎಷ್ಟು ಬೇಕು ಹೇಳ್ತೀನಿ.