ಪೋಸ್ಟ್‌ಗ್ರೆಸ್‌ನ ಲೆಂಗ್ತ್ ಫಂಕ್ಷನ್‌ಗೆ ಸಿ ಕೋಡ್ ಎಲ್ಲಿದೆ?

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಸೋರ್ಸ್ ಇಳಿಸಿಕೊಂಡು, ಪಠ್ಯದ ಉದ್ದ ಹೇಳುವ ಲೆಂಗ್ತ್ ಅಂತ ಹುಡುಕಿದರೆ ರಾಶಿ ರಾಶಿ ಸಾಲು ಬರುತ್ತವೆ, ಫಂಕ್ಷನ್ ಮಾತ್ರ ಸಿಗುತ್ತಿಲ್ಲ ಅಂತ ಕೇಳಿದ್ದೀರಿ. ಆ ಹೆಸರಲ್ಲಿ ಹುಡುಕಿದರೆ ಸಿಗುವುದಿಲ್ಲ. ಸಿ ಕೋಡ್‌ನಲ್ಲಿ ಅದರ ಹೆಸರೇ ಬೇರೆ.

ಎರಡೂ ಹೆಸರು ಒಟ್ಟಿಗೆ ಇರುವುದು ಎಸ್‌ಆರ್‌ಸಿ/ಇನ್‌ಕ್ಲೂಡ್/ಕ್ಯಾಟಲಾಗ್ ಫೋಲ್ಡರ್‌ನ ಪಿಜಿ_ಪ್ರಾಕ್.ಡ್ಯಾಟ್ ಫೈಲ್‌ನಲ್ಲಿ. (11ಕ್ಕಿಂತ ಹಳೆಯ ಆವೃತ್ತಿಯಾದರೆ ಪಿಜಿ_ಪ್ರಾಕ್.ಎಚ್ ನೋಡಿ.) ಅಲ್ಲಿ ಪ್ರೊನೇಮ್ ಅಂದರೆ ನೀವು ಕ್ವೆರಿಯಲ್ಲಿ ಬರೆಯುವ ಹೆಸರು, ಪ್ರೊಎಸ್‌ಆರ್‌ಸಿ ಅಂದರೆ ನಿಜವಾಗಿ ಓಡುವ ಸಿ ಫಂಕ್ಷನ್. ಲೆಂಗ್ತ್‌ಗೆ ಒಂದಲ್ಲ, ಹಲವು ನಮೂದುಗಳಿವೆ: ಟೆಕ್ಸ್ಟ್ ಕೊಟ್ಟರೆ ಟೆಕ್ಸ್ಟ್‌ಲೆನ್, ಬೈಟ್‌ಎ (ಬರೀ ಬೈಟ್‌ಗಳ ಸಾಲು) ಕೊಟ್ಟರೆ ಬೈಟ್‌ಎಆಕ್ಟೆಟ್‌ಲೆನ್, ಬಿಟ್ ಕೊಟ್ಟರೆ ಬಿಟ್‌ಲೆಂಗ್ತ್. ಫೈಲ್ ತೆರೆಯಲು ಬೇಜಾರಾದರೆ ಪಿಜಿ_ಪ್ರಾಕ್ ಟೇಬಲ್ ಮೇಲೆ ಸುಮ್ನೆ ಒಂದು ಸೆಲೆಕ್ಟ್ ಹಾಕಿ, ಇದೇ ಮಾಹಿತಿ ಅಲ್ಲೂ ಇದೆ.

ಇನ್ನು ಸರ್ವರ್ ಅದನ್ನು ಕರೆಯುವುದು ಹೇಗೆ? ಆರ್ಗ್ಯುಮೆಂಟ್‌ನ ಟೈಪ್ ನೋಡಿ ಪಾರ್ಸರ್ (ಕ್ವೆರಿಯನ್ನು ಓದಿ ಅರ್ಥಮಾಡಿಕೊಳ್ಳುವ ಭಾಗ) ಒಂದು ನಮೂದನ್ನು ಆರಿಸುತ್ತದೆ, ಆಮೇಲೆ ಹೆಸರಿಗೆ ಕೆಲಸವಿಲ್ಲ, ಓಐಡಿ ಅನ್ನೋ ಸಂಖ್ಯೆಯೇ ಸಾಕು. ಟೆಕ್ಸ್ಟ್ ತೆಗೆದುಕೊಳ್ಳುವ ಲೆಂಗ್ತ್ ನಮೂದಿಗೆ ಅದು 1317. ಬಿಲ್ಡ್ ಮಾಡುವಾಗ ಜೆನ್_ಎಫ್‌ಎಂಜಿಆರ್‌ಟ್ಯಾಬ್ ಅನ್ನೋ ಪರ್ಲ್ ಸ್ಕ್ರಿಪ್ಟ್ ಆ ಡ್ಯಾಟ್ ಫೈಲ್ ಓದಿ ಎಫ್‌ಎಂಜಿಆರ್‌ಟ್ಯಾಬ್.ಸಿ ಬರೆಯುತ್ತದೆ, ಅದರೊಳಗೆ ಓಐಡಿ ಮತ್ತು ಫಂಕ್ಷನ್ ಪಾಯಿಂಟರ್‌ಗಳ ದೊಡ್ಡ ಅರೇ ಇರುತ್ತದೆ. ಬಿಲ್ಡ್ ಮಾಡದೆ ಈ ಫೈಲ್ ಹುಡುಕಿದರೆ ಗಿಟ್‌ನಲ್ಲಿ ಕಾಣುವುದೇ ಇಲ್ಲ.

ಟೆಕ್ಸ್ಟ್‌ಲೆನ್ ಇರುವುದು ವಾರ್‌ಲೆನಾ.ಸಿ ಒಳಗೆ. ಎರಡೇ ಸಾಲು, ಆದರೆ ಅದು ಕರೆಯುವ ಟೆಕ್ಸ್ಟ್_ಲೆಂಗ್ತ್ ಅನ್ನು ದಯವಿಟ್ಟು ಓದಿ, ನನಗೆ ತುಂಬಾ ಇಷ್ಟವಾದ ಕೋಡ್ ಅದು. ಒಂದು ಅಕ್ಷರಕ್ಕೆ ಒಂದೇ ಬೈಟ್ ಇರುವ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ರೀತಿ) ಆದರೆ, ಕಂಪ್ರೆಸ್ ಆದ ಡೇಟಾವನ್ನು ಬಿಚ್ಚದೆಯೇ ಒಟ್ಟು ಗಾತ್ರದಿಂದ ಹೆಡರ್ ಕಳೆದು ಉತ್ತರ ಕೊಡುತ್ತದೆ. ಯುಟಿಎಫ್-8 ಆದರೆ ಒಂದೊಂದಾಗಿ ಎಣಿಸಲೇಬೇಕು. ಅಲ್ಲಿ 'ಕನ್ನಡ' ಕೊಟ್ಟು ನೋಡಿ, 5 ಬರುತ್ತದೆ. ನಮ್ಮ ಕಣ್ಣಿಗೆ ಮೂರೇ ಅಕ್ಷರ, ಅಲ್ವಾ? ಅದು ಎಣಿಸುವುದು ಯೂನಿಕೋಡ್ ಕೋಡ್ ಪಾಯಿಂಟ್‌ಗಳನ್ನು, ಅಂದರೆ ಯೂನಿಕೋಡ್ ಪ್ರತ್ಯೇಕ ಸಂಖ್ಯೆ ಕೊಟ್ಟಿರುವ ಚಿಹ್ನೆಗಳನ್ನು: ನ್ನ ಒತ್ತಕ್ಷರದಲ್ಲೇ ನ, ಹಲಂತ ಚಿಹ್ನೆ (್), ಇನ್ನೊಂದು ನ ಅಂತ ಮೂರಿವೆ. ಬೈಟ್‌ಗಳನ್ನು ಎಣಿಸುವ ಆಕ್ಟೆಟ್_ಲೆಂಗ್ತ್ ಕೇಳಿದರೆ 15.

ಒಂದು ಎಚ್ಚರಿಕೆ. ಕೋಅಲೆಸ್ (ಕೊಟ್ಟವುಗಳಲ್ಲಿ ನಲ್ ಅಲ್ಲದ ಮೊದಲ ಮೌಲ್ಯ ಕೊಡುವುದು) ನೋಡಲು ಫಂಕ್ಷನ್ ಥರ ಇದ್ದರೂ ಪಿಜಿ_ಪ್ರಾಕ್‌ನಲ್ಲಿ ಇಲ್ಲ. ಅದು ಪಾರ್ಸರ್ ಬಳಸುವ ವ್ಯಾಕರಣದಲ್ಲೇ ಸೇರಿದೆ, ಹಾಗಾಗಿ ಅದನ್ನು ಆ ವ್ಯಾಕರಣ ಇರುವ ಗ್ರಾಮ್.ವೈ ಫೈಲ್‌ನಿಂದ ಹುಡುಕಲು ಶುರು ಮಾಡಿ.